ಎಡಗಡೆ ಫೆಂಡರ್ ಮತ್ತು ನಾಲ್ಕು ಹಳದಿ ಬೊಟ್ಟು

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಬಸವರಾಜನ ಕೈಯಿಂದ ಟಾರ್ಕ್ ರೆಂಚನ್ನು ಕಿತ್ತುಕೊಂಡು ದೇವರ ಮುಂದೆ ಇಟ್ಟರು. ಎಲ್ಲ ಕೆಡಲು ಶುರುವಾದದ್ದು ಆಗ. ಗಡಿಯಾರದ ಮೇಲೆ ನನಗೆ ಅಷ್ಟೊಂದು ನಿಗಾ ಇತ್ತೆಂದಲ್ಲ. ಯಾರು ಯಾವಾಗ ಕೈ ನಿಲ್ಲಿಸಿದರು ಎಂದು ಬರೆದಿಟ್ಟುಕೊಳ್ಳುವ ಟ್ಯಾಬ್ಲೆಟ್ ಒಂದು ಬೊಮ್ಮನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿತ್ತು. ಅದಕ್ಕೆ ದೇವರೂ ಇಲ್ಲ, ಹಬ್ಬವೂ ಇಲ್ಲ.

ಟಾರ್ಕ್ ರೆಂಚ್ ಎಂದರೆ ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ 'ಟಕ್' ಎಂದು ಹೇಳುವ ಉದ್ದನೆಯ ಸ್ಪ್ಯಾನರ್. ಅವತ್ತು ಆ ಟಕ್ ಆಗದೆ ಹೋದದ್ದರಿಂದ ಒಂದೂವರೆ ಗಂಟೆಯೊಳಗೆ ಮೂವರು ಸಾಯುವುದರಲ್ಲಿದ್ದೆವು. ಮೂವರಲ್ಲಿ ನಾನೊಬ್ಬ. ಸಾಯದೆ ಉಳಿದ ನಾನು ಆಮೇಲೆ ಹನ್ನೊಂದು ದಿನ, ತಪ್ಪೇ ಮಾಡದ ಬಸವರಾಜನ ಕೆಲಸ ಹೋಗುವುದನ್ನು ನೋಡುತ್ತ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತರಬೇತಿಯಲ್ಲಿ ಇಂಥದನ್ನು ಹೇಳಿಕೊಡುವುದಿಲ್ಲ. ಅಲ್ಲಿ ಪ್ರೊಜೆಕ್ಟರ್ ಹಾಕಿ, ಹೊಸ ಕಾರಿನ ಕೀಲಿ ಹಿಡಿದು ನಗುವ ಗ್ರಾಹಕರನ್ನು ತೋರಿಸುತ್ತಾರೆ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸೇರಿದ್ದು ಪೀಣ್ಯದ ಒಂದು ಗ್ಯಾರೇಜಿಗೆ. ಬಡ್ತಿಗಳ ಮಾತು ಬೇಡ. ಒಟ್ಟು ಮೂರು ಸಿಕ್ಕವು. ಪ್ರತಿಸಲವೂ ಕುರ್ಚಿ ಬದಲಾಯಿತು, ಒಂದು ಗಾಲಿ ಮುರಿದ ಕುರ್ಚಿಯೇ ನನ್ನ ಪಾಲಿಗೆ ಬಂತು.

ಪೀಣ್ಯದಲ್ಲಿ ನನಗೆ ಕೆಲಸ ಕಲಿಸಿದವರು ಟಿಂಕರ್ ಮೇಸ್ತ್ರಿ ಖಾದರ್ ಸಾಬರು. ಆಗ ಫೆಂಡರ್ ಅನ್ನುವ ಹೆಸರೇ ನಮ್ಮಲ್ಲಿ ಓಡಾಡುತ್ತಿರಲಿಲ್ಲ, ಮಡ್‌ಗಾರ್ಡ್ ಅನ್ನುತ್ತಿದ್ದೆವು. ಜಜ್ಜಿಹೋದರೆ ಬದಲಿಸುವ ಮಾತಿಲ್ಲ. ಒಳಗೊಂದು ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತ ತಟ್ಟುತ್ತ ತಗಡನ್ನು ಅದರ ಹಳೆಯ ಆಕಾರಕ್ಕೆ ಕರೆದುಕೊಂಡು ಬರಬೇಕು. ಮುಗಿಯಿತೆಂದು ನಾನು ಹೇಳಿದಾಗಲೆಲ್ಲ ಸಾಬರು ನನ್ನ ಕನ್ನಡಕ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಕಣ್ ಮುಚ್ಚಿ ಇಂಜಿನಿಯರ್ ಸಾಬ್. ಈಗ ಕೈ ಆಡ್ಸಿ. ಎಲ್ಲಿ ಎಡವ್ತು?"

"ಇಲ್ಲಿ."

"ಹಾಂ. ಕಾಲೇಜಲ್ಲಿ ಕಣ್ಣಿಗೆ ಪಾಠ ಮಾಡ್ತಾರೆ. ಕೈಗೆ ಯಾರ್ ಮಾಡ್ತಾರೆ?"

ಆ ಗ್ಯಾರೇಜಿನ ಮಾಲೀಕರು ಇನ್ನೊಂದು ಮಾದರಿ. ಮಡ್‌ಗಾರ್ಡಿಗೂ ಬಾಗಿಲಿಗೂ ನಡುವಿನ ಸಂದು ಸರಿ ಇದೆಯೋ ಇಲ್ಲವೋ ಎಂದು ತಮ್ಮ ವಿಸಿಟಿಂಗ್ ಕಾರ್ಡನ್ನೇ ತೂರಿಸಿ ನೋಡುತ್ತಿದ್ದರು. ಮೂರು ಕಾರ್ಡು ಒಟ್ಟಿಗೆ ಹೋದರೆ ಪಾಸು. ಒಮ್ಮೆ ಕಾರ್ಡು ಒಳಗೇ ಬಿದ್ದುಹೋಗಿ, ತಿಂಗಳುಗಳ ಮೇಲೆ ಬೇರೆ ಗ್ಯಾರೇಜಿನವನು ಬಾಗಿಲು ಬಿಚ್ಚಿದಾಗ ಸಿಕ್ಕಿತಂತೆ. ಆತ ಫೋನು ಮಾಡಿ, "ನಿಮ್ ಜಾಹೀರಾತು ತುಂಬಾ ಒಳಗಡೆ ತಲುಪಿದೆ ಸಾರ್" ಎಂದಿದ್ದ.

ಬಿಳಿ ಬಣ್ಣ ಒಂದೇ ಎಂದು ನಂಬಿದ್ದ ಕಾಲವೂ ಇತ್ತು. ಟ್ಯೂಬ್‌ಲೈಟಿನ ಕೆಳಗೆ ಹೊಂದಿಸಿ ಕಳಿಸಿದ ಬಿಳಿ ಕಾರು ಬಿಸಿಲಿಗೆ ಹೋಗಿ ನಿಂತರೆ, ಒಗೆದ ಪಂಚೆಗೆ ಒಗೆಯದ ಪಂಚೆಯ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಕಾರಿನ ಒಡೆಯ ನಾಲ್ಕು ದಿನ ಬಿಟ್ಟು ಬಂದು ನನ್ನ ಮಾಸಿದ ಬಿಳಿ ಅಂಗಿಯನ್ನೂ ಕಾರನ್ನೂ ಒಟ್ಟಿಗೆ ನೋಡಿ, "ನಿಮಗೆ ಇದು ರೂಢಿ ಅನ್ಸತ್ತೆ" ಎಂದು ಹೇಳಿಹೋದ. ಅವತ್ತಿನಿಂದ ನಾನು ಬಿಳಿ ಅಂಗಿ ತೊಟ್ಟಿಲ್ಲ.

ಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ತಟ್ಟುವ ಕಾಲ ಮುಗಿದು ಬಿಚ್ಚಿ ಎಸೆಯುವ ಕಾಲ ಬಂದಿತ್ತು. ಫೆಂಡರ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಮುಂದಿನ ಚಕ್ರದ ಮೇಲೆ, ಬಾನೆಟ್ಟಿಗೂ ಮುಂಬಾಗಿಲಿಗೂ ನಡುವೆ ಕೂತ ತಗಡು ಅದು. ಬೆಂಗಳೂರಿನಲ್ಲಿ ಕಾರಿನ ಮೈಮೇಲೆ ಮೊದಲ ಪೆಟ್ಟು ಬೀಳುವ ಜಾಗವೂ ಅದೇ. ಬ್ಯಾಟರಿಯ ವೈರು ಕಳಚಿ, ಕಾರನ್ನು ಮೇಲೆತ್ತಿ, ಚಕ್ರ ತೆಗೆಯಬೇಕು. ಚಕ್ರ ತೆಗೆಯದೆ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬರುವುದಿಲ್ಲ, ಹೊದಿಕೆ ಬರದೆ ಅದರ ಹಿಂದಿನ ಬೋಲ್ಟು ಕಾಣುವುದಿಲ್ಲ. ಬಂಪರ್ ಬಿಚ್ಚಬೇಕು, ಹೆಡ್‌ಲೈಟ್ ಹೊರಗೆಳೆಯಬೇಕು. ಬಾನೆಟ್ಟಿನ ಅಂಚಿನುದ್ದಕ್ಕೂ ಬೋಲ್ಟುಗಳ ಸಾಲು, ಕೆಳಗೆ ಎರಡು, ಆಮೇಲೆ ಬಾಗಿಲು ತೆರೆದರೆ ಮಾತ್ರ ಕಾಣುವ ಒಂದು ಕಳ್ಳ ಬೋಲ್ಟು. ಹೊಸಬರೆಲ್ಲ ಆ ಕಳ್ಳನನ್ನು ಮರೆತು ಫೆಂಡರನ್ನು ಜಗ್ಗುತ್ತಾರೆ. ನಾನೂ ಜಗ್ಗಿದ್ದೇನೆ. ಫೆಂಡರ್ ಬರಲಿಲ್ಲ, ಬಾಗಿಲ ಬಣ್ಣ ಬಂತು.

ಹೊಸದನ್ನು ಕೂರಿಸುವಾಗ ಬೋಲ್ಟುಗಳನ್ನು ಮೊದಲು ಬೆರಳಿನಿಂದಷ್ಟೇ ತಿರುಗಿಸಿ ಸಡಿಲ ಬಿಡಬೇಕು. ಸಂದು ಹೊಂದಿಸಿದ ಮೇಲೆ ಬಿಗಿಯಬೇಕು. ಚಕ್ರವೂ ಹಾಗೆಯೇ. ಕಾರು ಮೇಲಿರುವಾಗ ನಟ್ಟುಗಳನ್ನು ಕೈಯಿಂದ ಹಾಕಿ, ನೆಲಕ್ಕಿಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮುಗಿಸಬೇಕು. ಅಂದರೆ ನಡುವೆ ಒಂದು ಹೊತ್ತಿನಲ್ಲಿ ಎಲ್ಲವೂ ಇದ್ದ ಹಾಗೆ ಕಾಣುತ್ತದೆ, ಯಾವುದೂ ಹಿಡಿದಿರುವುದಿಲ್ಲ.

ಈ ಗೊಂದಲ ತಪ್ಪಿಸಲು ಹಳದಿ ಬೊಟ್ಟಿನ ಪದ್ಧತಿಯನ್ನು ತಂದವನು ನಾನೇ. ಕೊನೆಯ ಬಿಗಿತ ಮುಗಿದ ಪ್ರತಿ ಬೋಲ್ಟಿನ ಮೇಲೂ ಹಳದಿ ಬಣ್ಣದ ಒಂದು ಚುಕ್ಕೆ. ಬೊಟ್ಟು ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಇಲ್ಲ. ಕೊನೆಯ ತಪಾಸಣೆ ನನ್ನದು. ದಿನಕ್ಕೆ ಇಪ್ಪತ್ತು ಕಾರು ಇದ್ದರೂ ಕೈ ಕೊಳೆಯಾಗದೆ ಮುಗಿಸುತ್ತಿದ್ದೆ. ಈ ಪದ್ಧತಿಗೆ ನನಗೊಂದು ಗಾಜಿನ ಫಲಕವನ್ನೂ ಕೊಟ್ಟಿದ್ದರು. ಅದರ ಮೇಲೆ ನನ್ನ ಹೆಸರು ತಪ್ಪಾಗಿತ್ತು.

ಆ ಆಯುಧಪೂಜೆಗೆ ನಮ್ಮ ಮ್ಯಾನೇಜರ್ ಕಿರಣ್ ಅವರಿಗೆ ಒಂದು ಯೋಚನೆ ಹೊಳೆಯಿತು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಒಳ್ಳೆಯ ಮನುಷ್ಯ, ಆದರೆ ಫೋಟೊ ತೆಗೆಯದ ಘಟನೆ ನಡೆದೇ ಇಲ್ಲ ಎಂದು ನಂಬಿದವರು. ಮುಖ್ಯ ಕಚೇರಿಗೆ ಕಳಿಸುವ ಫೋಟೊದಲ್ಲಿ ರಿಪೇರಿಗೆ ನಿಂತ ಕಾರುಗಳೂ ಅಲಂಕಾರವಾಗಿ ಕಾಣಬೇಕೆಂದು ಅವರ ಆಸೆ.

"ಒಂದೊಂದ್ ಗಾಡಿಗೂ ಪೂಜೆ ಆಗ್ಬೇಕು, ಲಲಿತಮ್ಮ. ಯಾವ್ದೂ ಬಿಡ್ಬೇಡಿ. ಫುಲ್ ಹಬ್ಬದ ಫೀಲ್ ಬರ್ಬೇಕು" ಎಂದು ನಮ್ಮ ಸ್ವಚ್ಛತೆಯ ಲಲಿತಮ್ಮನಿಗೆ ಅಪ್ಪಣೆಯಾಯಿತು.

ಲಲಿತಮ್ಮ ಯಾವುದನ್ನೂ ಅರ್ಧ ಮಾಡುವ ಹೆಂಗಸಲ್ಲ. ಬಾನೆಟ್ಟು, ಸ್ಟೇರಿಂಗ್, ಕಂಪ್ರೆಸರ್, ಕಾಫಿ ಯಂತ್ರ, ನನ್ನ ಮುರಿದ ಕುರ್ಚಿ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟರು. ಎಡ ಮುಂಭಾಗಕ್ಕೆ ಹೊಸ ಫೆಂಡರ್ ಹಾಕಿದ್ದ ಬಿಳಿ ಕಾರಿನ ಹತ್ತಿರ ಬರುವ ಹೊತ್ತಿಗೆ ಕುಂಕುಮ ಮುಗಿದಿತ್ತು. ಕಲಸಿದ ಅರಿಶಿನ ಮಾತ್ರ ಉಳಿದಿತ್ತು. ಆ ಕಾರಿನ ಮುಂಚಕ್ರದ ನಾಲ್ಕು ನಟ್ಟುಗಳಿಗೂ ಒಂದೊಂದು ಬೊಟ್ಟು ಇಟ್ಟು, ಕೈ ಮುಗಿದು ಹೋದರು. ನನ್ನ ಬೊಟ್ಟಿನಷ್ಟೇ ಗಾತ್ರ. ನನಗಿಂತ ಅಚ್ಚುಕಟ್ಟು.

ಆ ಕಾರಿನ ಕೆಲಸ ಬಸವರಾಜನದು. ಬಾಗಲಕೋಟೆ ಕಡೆಯವನು, ಬೊಮ್ಮನಹಳ್ಳಿಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಮಾಡಿಕೊಂಡಿದ್ದ. ಅವನು ಹಾಕಿದ ಫೆಂಡರಿನ ಸಂದಿನಲ್ಲಿ ತಪ್ಪು ಹುಡುಕಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ. ಅವತ್ತು ಅವನು ಚಕ್ರದ ನಟ್ಟುಗಳನ್ನು ಕೈಯಿಂದ ಹಾಕಿ, ಕಾರನ್ನು ಕೆಳಗಿಳಿಸಿ, ರೆಂಚ್ ಎತ್ತಿಕೊಂಡಿದ್ದನಂತೆ. ನಾನು ಗೇಟಿನ ಹತ್ತಿರ ಬಾಳೆಕಂದು ಕಟ್ಟಿಸುತ್ತಿದ್ದೆ, ಆಮೇಲೆ ಕೇಳಿ ತಿಳಿದದ್ದು ಇದು.

"ಎರಡ ನಿಮಿಷ ಕೊಡ್ರೀ ಸರ, ಗಾಲಿ ಬಿಗದ್ ಬರ್ತೀನಿ" ಎಂದಿದ್ದಾನೆ ಬಸವರಾಜ.

"ಪುರೋಹಿತರು ಇನ್ನೂ ಐದ್ ಫ್ಯಾಕ್ಟರಿಗೆ ಹೋಗ್ಬೇಕಂತೆ, ಸ್ಕೂಟರ್ ಆಫ್ ಕೂಡ ಮಾಡಿಲ್ಲ ಅವ್ರು. ಗಾಡಿ ನಾಳೆ ತಾನೇ ಡೆಲಿವರಿ? ನಾಳೆ ಬಿಗಿ, ಕೊಡಿಲ್ಲಿ" ಎಂದು ಕಿರಣ್ ರೆಂಚ್ ಇಸಿದುಕೊಂಡಿದ್ದಾರೆ.

ಒಮ್ಮೆ ಪೂಜೆಗಿಟ್ಟ ಹತ್ಯಾರವನ್ನು ಮರುದಿನದವರೆಗೂ ಯಾರೂ ಮುಟ್ಟುವಂತಿಲ್ಲ. ಅದು ನಮ್ಮಲ್ಲಿನ ನಿಯಮ. ಬಸವರಾಜ ಕೆಲಸದ ಚೀಟಿಯಲ್ಲಿ 'ಚಕ್ರದ ಬಿಗಿತ' ಎಂಬ ಮನೆಯನ್ನು ಖಾಲಿ ಬಿಟ್ಟು, ಚೀಟಿಯನ್ನು ವೈಪರಿಗೆ ಸಿಕ್ಕಿಸಿ, ಮಂಗಳಾರತಿ ತೆಗೆದುಕೊಂಡು, ಮಂಡಕ್ಕಿ ಪೊಟ್ಟಣದೊಂದಿಗೆ ಕೋಣೆಗೆ ಹೋದ. ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ್ದ.

ಹನ್ನೆರಡೂಕಾಲಿಗೆ ಕಾರಿನ ಒಡತಿ ಬಂದರು. ಶೈಲಜಾ ಮೇಡಂ. ದಾವಣಗೆರೆ ಕಡೆಯ ಮನೆತನ, ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಅಲ್ಲೇ ನೀರಿನ ಟ್ಯಾಂಕರೊಂದು ಇವರ ಫೆಂಡರನ್ನು ಸವರಿಕೊಂಡು ಹೋಗಿತ್ತು. ಜೊತೆಗೆ ಅವರ ಅತ್ತೆ ಗೌರಮ್ಮ. ಹಣೆಯ ತುಂಬ ವಿಭೂತಿ, ತೋಳಿನಲ್ಲಿ ಹಸುಗೂಸಿನಂತೆ ಹಿಡಿದ ಒಂದು ಬೂದುಗುಂಬಳಕಾಯಿ.

"ಸಾರ್, ಕಾರು ಇವತ್ತೇ ಬೇಕು. ಅತ್ತಿಬೆಲೆಯಲ್ಲಿ ನಮ್ಮನೆಯವ್ರ ಫ್ಯಾಕ್ಟರಿ ಯೂನಿಟ್ಟಲ್ಲಿ ಪೂಜೆ. ಗಾಡಿ ಇಲ್ದೆ ಹೋದ್ರೆ ನಮ್ಮತ್ತೆ ಈ ಕಾಯಿನ ನನ್ ತಲೆ ಮೇಲೇ ಒಡೀತಾರೆ" ಎಂದರು ಮೇಡಂ.

"ಒಡೆಯಾದೇನು ದೊಡ್ಡ ಮಾತಲ್ಲ ಬಿಡು" ಎಂದರು ಗೌರಮ್ಮ.

ಕಿರಣ್ ನಕ್ಕರು. ಅರ್ಧ ಗಂಟೆ ಮುಂಚೆ ತಾವೇ ಹೇಳಿದ್ದು ಅವರಿಗೆ ನೆನಪಿರಲಿಲ್ಲ. "ಎಲ್ಲಾ ಮುಗ್ದಿದೆ ಮೇಡಂ. ಮೂರ್ತಿ ಸಾರ್, ಒಂದ್ಸಲ ಕಣ್ಣಾಡಿಸಿ ಸೈನ್ ಹಾಕ್ಬಿಡಿ."

ನಾನು ಕಣ್ಣಾಡಿಸಿದೆ. ಬಾನೆಟ್ ತೆರೆದೆ. ಫೆಂಡರಿನ ಬೋಲ್ಟುಗಳ ಮೇಲೆ ಹಳದಿ ಬೊಟ್ಟು, ಅವು ಬಸವರಾಜ ಇಟ್ಟ ನಿಜವಾದ ಬಣ್ಣದವು. ಬಾಗಿಲು ತೆರೆದೆ. ಕಳ್ಳ ಬೋಲ್ಟಿನ ಮೇಲೂ ಹಳದಿ. ಚಕ್ರ ನೋಡಿದೆ. ನಾಲ್ಕು ಹಳದಿ. ಚೀಟಿಯಲ್ಲಿ ಮಾತ್ರ ಒಂದು ಮನೆ ಖಾಲಿ. ಹಬ್ಬದ ಗಡಿಬಿಡಿಯಲ್ಲಿ ಬಸವರಾಜ ಮರೆತಿದ್ದಾನೆ ಎಂದುಕೊಂಡು ನಾನೇ ಒಂದು ಟಿಕ್ ಎಳೆದೆ. ಒಂದು ನಟ್ಟಿಗಾದರೂ ಸ್ಪ್ಯಾನರ್ ಹಾಕಿ ನೋಡಬೇಕೆಂದು ಅರೆಕ್ಷಣ ಅನಿಸಿತ್ತು. ಸ್ಪ್ಯಾನರುಗಳೆಲ್ಲ ಸೇವಂತಿಗೆಯ ಅಡಿಯಲ್ಲಿ ಮಲಗಿದ್ದವು. ದೇವರ ಮುಂದಿನಿಂದ ಎತ್ತಿಕೊಂಡು ಬಂದರೆ ಲಲಿತಮ್ಮ ಸುಮ್ಮನಿರುತ್ತಿರಲಿಲ್ಲ. ನನ್ನ ಧೈರ್ಯ ಅಷ್ಟೇ.

ನನ್ನ ಮನೆ ಇರುವುದೂ ಅತ್ತಿಬೆಲೆಯ ಹತ್ತಿರ. ಅದು ಗೊತ್ತಾದ ಮೇಡಂ, "ಬನ್ನಿ ಸಾರ್, ಡ್ರಾಪ್ ಕೊಡ್ತೀನಿ" ಎಂದರು. ನಾನೇ ಪಾಸು ಮಾಡಿದ ಕಾರಿನಲ್ಲಿ, ನಾನೇ ಪಾಸು ಮಾಡಿದ ಚಕ್ರದ ಪಕ್ಕದ ಸೀಟಿನಲ್ಲಿ ಕೂತೆ.

ಮೇಲ್ಸೇತುವೆ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಗೌರಮ್ಮನ ದನಿ ಬಂತು. "ಏನೋ ಟಕಟಕ ಅಂತೈತಲ್ಲೇ ಶೈಲಾ."

ನಾನು ತಿರುಗಿ ನೋಡದೆಯೇ ಹೇಳಿದೆ. "ಹೊಸ ಪಾರ್ಟ್ ಅಲ್ವಾ ಅಮ್ಮ, ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು."

ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಫೆಂಡರ್ ಶಬ್ದ ಮಾಡುವುದಿಲ್ಲ. ಆದರೆ ನಾನು ಇಂಜಿನಿಯರು, ಸಹಿ ಹಾಕಿದವನು. ಶಬ್ದವನ್ನು ಕೇಳುವ ಬದಲು ವಿವರಿಸಿಬಿಟ್ಟೆ.

"ಜಾಸ್ತಿ ಆಗಾಕತ್ತೈತಿ ನೋಡು ತಮ್ಮಾ" ಎಂದರು ಇನ್ನೊಂದು ನಿಮಿಷಕ್ಕೆ.

"ಸೇತುವೆ ಜಾಯಿಂಟ್ ಅಮ್ಮ. ಟಯರು ಅದರ ಮೇಲೆ ಹಾದಾಗ ಹಾಗೆ ಬರತ್ತೆ."

ಮೂರನೆಯ ಸಲ ಅವರು ಹೇಳಿದಾಗ ಸ್ಟೇರಿಂಗ್ ನಡುಗುತ್ತಿತ್ತು. ಮೇಡಂ ನನ್ನತ್ತ ನೋಡಿದರು. ನನ್ನ ಕಾಲ ಕೆಳಗೆ ಏನೋ ಕುಣಿಯುತ್ತಿತ್ತು. ಆಗ ಗೊತ್ತಾಯಿತು. ಚಕ್ರದ ನಟ್ಟುಗಳು ಬಿಗಿದಿಲ್ಲ.

"ಬ್ರೇಕ್ ಒತ್ಬೇಡಿ. ಆಕ್ಸಿಲರೇಟರ್ ಬಿಡಿ. ಗಟ್ಟಿಯಾಗಿ ಹಿಡ್ಕೊಳ್ಳಿ, ತಿರುಗಿಸ್ಬೇಡಿ."

ಆ ಹೆಣ್ಣುಮಗಳು ಹೇಳಿದಷ್ಟನ್ನೇ ಮಾಡಿದರು. ಅದರಿಂದಲೇ ಈಗ ಇದನ್ನು ಬರೆಯಲು ನಾನಿದ್ದೇನೆ. ವೇಗ ಅರ್ಧಕ್ಕಿಳಿಯಿತು, ಇನ್ನೂ ಇಳಿಯಿತು. ಆಗ ಎಡಗಡೆ ಒಮ್ಮೆಲೇ ಕುಸಿಯಿತು. ಚಕ್ರ ಹೊಸ ಫೆಂಡರನ್ನು ಒಳಗಿನಿಂದ ಒದ್ದು ಹೊರಗೆ ಬಂದು, ನನ್ನ ಕಿಟಕಿಯ ಪಕ್ಕದಲ್ಲೇ, ನಮಗಿಂತ ಮುಂದೆ ಓಡಿತು. ಚಕ್ರ ಹಾಗೆ ಒಂಟಿಯಾಗಿ ಓಡುವುದನ್ನು ನೋಡಿದವರಿಗೆ ಅದು ಮರೆಯುವುದಿಲ್ಲ. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಕಬ್ಬಿಣ ಸಿಮೆಂಟನ್ನು ಕೆರೆಯುವ ಸದ್ದು, ಕಿಡಿ, ಎದುರಿಗೆ ಸೇತುವೆಯ ಮೋಟುಗೋಡೆ ನನ್ನತ್ತ ವಾಲಿಕೊಂಡು ಬರುತ್ತಿದೆ. ಅದರಾಚೆ ಕೆಳಗಿನ ರಸ್ತೆಯ ಅಂಗಡಿಗಳ ಮಾಳಿಗೆ, ಒಂದು ಮಾಳಿಗೆಯ ಮೇಲೆ ಒಣಗಲು ಹಾಕಿದ ಬೆಡ್‌ಶೀಟು. ನೀಲಿ ಹೂವಿನದು. ಗೋಡೆಗೂ ನನ್ನ ಬಾಗಿಲಿಗೂ ನಡುವೆ ಒಂದು ಗೇಣು ಉಳಿದಿದ್ದಾಗ ಕಾರು ನಿಂತಿತು.

ಹಿಂದಿನಿಂದ ಬಂದ ಕಾರ್ಖಾನೆಯ ಬಸ್ಸು ಕಿರುಚಿಕೊಂಡು ನಿಂತಿತು. ಅದಕ್ಕೂ ಪೂಜೆಯಾಗಿತ್ತು. ಮುಂದೆ ಕಟ್ಟಿದ್ದ ಬಾಳೆಕಂದಿನ ಎಲೆ ನಮ್ಮ ಹಿಂದಿನ ಗಾಜನ್ನು ಮೆಲ್ಲಗೆ ಒರೆಸುತ್ತಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಗೌರಮ್ಮ ಕಾರಿನಿಂದಿಳಿದು, ಸೊಸೆಯನ್ನೂ ನನ್ನನ್ನೂ ಕಾರನ್ನೂ ಒಟ್ಟಿಗೆ ನಿವಾಳಿಸಿ, ಕುಂಬಳಕಾಯಿಯನ್ನು ಅಲ್ಲೇ ಸೇತುವೆಯ ಮೇಲೆ ಅಪ್ಪಳಿಸಿದರು. ಸೇತುವೆಯ ಗಸ್ತು ವಾಹನದಲ್ಲಿ ಬಂದವನು ತಲೆ ಚಚ್ಚಿಕೊಂಡ.

"ಅಜ್ಜಿ, ಇದ್ರ ಮೇಲೆ ಬೈಕ್ ಜಾರಿದ್ರೆ ಯಾರ್ ಜವಾಬ್ದಾರಿ?"

"ದೃಷ್ಟಿ ಹೋಗಬೇಕಲ್ಲಪಾ."

"ದೃಷ್ಟಿ ಹೋಯ್ತು, ಕಾಯಿ ಇಲ್ಲೇ ಇದ್ಯಲ್ಲ!"

ನಾನು ಬಗ್ಗಿ ಹೋಳುಗಳನ್ನು ಆರಿಸತೊಡಗಿದೆ. ಹಾಗೆ ಆರಿಸುತ್ತ ಮುಂದೆ ಹೋದಾಗ ಗೋಡೆಗೆ ಬಡಿದು ಮಲಗಿದ್ದ ಚಕ್ರ ಸಿಕ್ಕಿತು. ಅದರ ಒಂದು ತೂತಿನ ಅಂಚಿಗೆ ಹಳದಿ ಮೆತ್ತಿಕೊಂಡಿತ್ತು. ಬೆರಳಾಡಿಸಿದೆ, ಬೆರಳಿಗೆ ಬಂತು. ನಮ್ಮ ಬಣ್ಣ ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಬರುವುದಿಲ್ಲ. ಮೂಗಿನ ಹತ್ತಿರ ಹಿಡಿದೆ. ಅರಿಶಿನ.

ಸುತ್ತ ನೋಡಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ. ಯಾರೂ ನೋಡಲಿಲ್ಲ.

ಹಬ್ಬ ಮುಗಿದ ಮೇಲೆ ವಿಚಾರಣೆ ಶುರುವಾಯಿತು. ಕಿರಣ್ ಚೀಟಿ ತೆಗೆದು ತೋರಿಸಿದರು. 'ಚಕ್ರದ ಬಿಗಿತ' ಎಂಬಲ್ಲಿ ಟಿಕ್ ಇತ್ತು. ಮಾಡದ ಕೆಲಸಕ್ಕೆ ಬಸವರಾಜ ಟಿಕ್ ಹಾಕಿದ್ದಾನೆ ಎಂದು ತೀರ್ಮಾನವಾಯಿತು. ಆ ಟಿಕ್ ನಂಬಿ ನಾನು ಸಹಿ ಹಾಕಿದೆನೆಂದು ನನ್ನನ್ನು ಬಿಟ್ಟರು. ರೆಂಚ್ ಕಿತ್ತುಕೊಂಡದ್ದನ್ನು ಬಸವರಾಜ ಹೇಳಿದಾಗ ಕಿರಣ್, "ಮುಗಿಸ್ಕೊಂಡ್ ಬಾ ಅಂದಿದ್ದೆ ನಾನು" ಎಂದರು. ಅವರ ಮಟ್ಟಿಗೆ ಅದು ಸುಳ್ಳಾಗಿತ್ತೋ ಮರೆವಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಸವರಾಜನನ್ನು ಅಮಾನತಿನಲ್ಲಿಟ್ಟರು. ಕಾರು ಮತ್ತೆ ರಿಪೇರಿಯಾಗಿ, ಮೇಡಂ ತೆಗೆದುಕೊಂಡು ಹೋಗಲು ಬರುವ ದಿನ ಅವನಿಂದ ಕ್ಷಮೆ ಕೇಳಿಸಿ ಕೆಲಸದಿಂದ ತೆಗೆಯುವುದೆಂದು ನಿಶ್ಚಯವಾಯಿತು.

ನನಗೆ ಸಿಕ್ಕಿದ್ದು ಹೊಗಳಿಕೆ. ಸಮಯಪ್ರಜ್ಞೆಯಿಂದ ಗ್ರಾಹಕರ ಜೀವ ಉಳಿಸಿದ ಹಿರಿಯ ಸಿಬ್ಬಂದಿ ಎಂದು ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೊ ಹಾಕಿದರು. ಗೌರಮ್ಮ ಒಂದು ಡಬ್ಬಿ ಕರದಂಟು ಕಳಿಸಿಕೊಟ್ಟರು. ಅದನ್ನು ತಿಂದೆ. ಚೆನ್ನಾಗಿತ್ತು. ಅದೇ ಅವಮಾನ.

ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿದರೆ ಟಕಟಕ. ಎದ್ದು ಫ್ಯಾನಿನ ಸ್ಕ್ರೂ ಬಿಗಿದೆ. ಮಂಚದ ಕಾಲು ಬಿಗಿದೆ. ಕುಕ್ಕರಿನ ಹಿಡಿ, ಕಿಟಕಿಯ ಕೊಂಡಿ, ಮೊಮ್ಮಗಳ ಮೂರು ಗಾಲಿ ಸೈಕಲ್ಲು, ಬಿಗಿಯಬಹುದಾದ್ದನ್ನೆಲ್ಲ ಬಿಗಿದೆ. ನನ್ನ ಹೆಂಡತಿ ಸುಧಾ ಐದು ದಿನ ಸಹಿಸಿಕೊಂಡಳು.

"ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆಯೋಕಾಗ್ತಿಲ್ಲ ಕಣ್ರೀ. ಬಿಗಿ ಮಾಡ್ಬೇಕಾದ ಸ್ಕ್ರೂ ಇರೋದು ನಿಮ್ ತಲೇಲಿ. ಏನಾಯ್ತು ಹೇಳಿ."

ಹೇಳಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಇಷ್ಟು ವರ್ಷದ ಮೇಲೆ ನನ್ನ ಕೊನೆಯ ಕಡತದಲ್ಲಿ ಇದು ಬೇಡ ಎಂಬುದೊಂದೇ ನನ್ನ ತರ್ಕ. ಬಸವರಾಜನಿಗೆ ಇನ್ನೂ ವಯಸ್ಸಿದೆ, ಎಲ್ಲಾದರೂ ಕೆಲಸ ಸಿಗುತ್ತದೆ ಎಂದೂ ಅಂದುಕೊಂಡೆ. ಓದಿದವರು ಇಂಥವನ್ನು ಚೆನ್ನಾಗಿ ಅಂದುಕೊಳ್ಳುತ್ತಾರೆ.

ಹತ್ತನೆಯ ದಿನ ಬಸವರಾಜ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕ. ತಾನೇ ಎರಡು ಟೀ ಹೇಳಿದ.

"ಸರ, ಆ ಟಿಕ್ ನಂದಲ್ರೀ. ನಾ ಎಡಗೈಯಾಂವ. ನನ್ ಟಿಕ್ ಈ ಕಡಿ ವಾಲ್ತೈತಿ. ಚೀಟಿ ಮ್ಯಾಲಿಂದು ಆ ಕಡಿ ವಾಲೈತಿ."

"ಕಿರಣ್ ಅವರಿಗೆ ಹೇಳಿದ್ಯಾ?"

"ಇಲ್ರೀ. ಹೇಳಿದ್ರ ಮತ್ತ್ಯಾರದಂತ ಕೇಳ್ತಾರ." ಅವನು ಲೋಟದ ಒಳಗೆ ನೋಡುತ್ತ ಟೀ ಅಲ್ಲಾಡಿಸಿದ. "ಯಾರದಂತ ನಂಗೇನ್ ಗೊತ್ರೀ ಸರ."

ಹದಿನಾರು ವರ್ಷ ಅವನ ಚೀಟಿಗಳನ್ನು ನಾನು ನೋಡಿದ್ದೆ. ಅವನೂ ನನ್ನ ಟಿಕ್ಕುಗಳನ್ನು ಹದಿನಾರು ವರ್ಷ ನೋಡಿದ್ದ.

ಮರುದಿನ ಮೇಡಂ ಬಂದರು, ಗೌರಮ್ಮನೂ ಬಂದರು. ಕಿರಣ್ ತಮ್ಮ ಕೋಣೆಯಲ್ಲಿ ಬಸವರಾಜನನ್ನು ನಿಲ್ಲಿಸಿ, ನನ್ನನ್ನು ಗೌರವದಿಂದ ಕೂರಿಸಿ ಮಾತು ತೆಗೆದರು. "ಮೇಡಂ, ಇವ್ನೇ ಆ ಟೆಕ್ನಿಷಿಯನ್. ಕೇಳು ಬಸವರಾಜ್, ಸಾರಿ ಕೇಳು."

ಬಸವರಾಜ ಬಾಯಿ ತೆರೆಯುವ ಮೊದಲು ನಾನು ಎದ್ದುನಿಂತೆ. ಅಲ್ಲೂ ನನ್ನ ಪಾಲಿಗೆ ಬಂದಿದ್ದ ಗಾಲಿ ಮುರಿದ ಕುರ್ಚಿ ಪಕ್ಕಕ್ಕೆ ಉರುಳಿತು. ಯಾರೂ ನಗಲಿಲ್ಲ.

"ಮೇಡಂ, ಟಿಕ್ ನಂದು. ಅವನು ಆ ಮನೆ ಖಾಲಿ ಬಿಟ್ಟಿದ್ದ. ನಟ್ಟಿನ ಮೇಲಿದ್ದದ್ದು ಅರಿಶಿನ. ನಾನು ಮುಟ್ಟಿ ನೋಡ್ದೆ ಬಣ್ಣ ಅಂದ್ಕೊಂಡು ಟಿಕ್ ಹಾಕ್ದೆ, ಸೈನ್ ಮಾಡ್ದೆ. ಸೇತುವೆ ಮೇಲೇ ನನಗೆ ಗೊತ್ತಾಯ್ತು. ಹನ್ನೊಂದು ದಿನದಿಂದ ಸುಮ್ನಿದೀನಿ."

ಮಾತಾಡಿದ್ದು ಗೌರಮ್ಮ.

"ಟಿಕ್ಕು ಗಿಕ್ಕು ನಂಗೊತ್ತಿಲ್ಲ. ಸಪ್ಪಳ ಬರ್ತೈತಿ ಅಂತ ಮೂರು ಸಲ ಹೇಳಿದ್ನಲ್ಲೋ ತಮ್ಮಾ! ಏನಂದಿ ನೀನು? ಹೊಸಾದು, ಹೊಂದ್ಕೋಬೇಕು ಅಂದಿ. ಸೊಸೀನಾ ಅದು, ಹೊಂದ್ಕೊಳ್ಳಾಕ?"

ಸೊಸೆ ಅತ್ತೆಯ ಮುಖ ನೋಡಿದರು. ಕಿರಣ್ ಕಂಪ್ಯೂಟರಿನ ಹಿಂದೆ ಕೆಮ್ಮಿದರು. ಗೌರಮ್ಮ ನಿಲ್ಲಿಸಲಿಲ್ಲ. ಓದಿದವನೆಂಬ ನನ್ನ ಅಹಂಕಾರ, ನನ್ನ ಕನ್ನಡಕ, ನಾನು ತಿಂದ ಕರದಂಟು, ಎಲ್ಲವನ್ನೂ ದಾವಣಗೆರೆಯ ಭಾಷೆಯಲ್ಲಿ ವಿಂಗಡಿಸಿ ವಿಂಗಡಿಸಿ ಬೈದರು. ಇಡೀ ವೃತ್ತಿಜೀವನದಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಅಷ್ಟು ಸರಿಯಾಗಿ ಬೈದಿರಲಿಲ್ಲ. ಒಂದು ಮಾತೂ ಹೆಚ್ಚಾಗಿರಲಿಲ್ಲ.

ಮುಗಿದ ಮೇಲೆ ಮೇಡಂ ಬಸವರಾಜನ ಕಡೆ ತಿರುಗಿದರು. "ಆ ರೆಂಚ್ ಎಲ್ಲಿದೆ? ಹೇಗ್ ಹಿಡೀಬೇಕು ತೋರ್ಸಿ."

ಅಂಗಳದಲ್ಲಿ, ಎಲ್ಲರ ಎದುರು, ಬಸವರಾಜ ಹೇಳಿಕೊಟ್ಟ ಹಾಗೆ, ಅವರು ನಾಲ್ಕು ಚಕ್ರದ ಹದಿನಾರು ನಟ್ಟುಗಳನ್ನೂ ತಾವೇ ಬಿಗಿದು ನೋಡಿದರು. ಹದಿನಾರು ಟಕ್. ಗೌರಮ್ಮ ಪಕ್ಕದಲ್ಲಿ ನಿಂತು ಬೆರಳು ಮಡಚಿ ಎಣಿಸಿದರು. ನನಗೆ ಹೋಗಿಬರುತ್ತೇವೆ ಎಂದು ಇಬ್ಬರೂ ಹೇಳಲಿಲ್ಲ.

ಬಸವರಾಜನ ಅಮಾನತು ಅವತ್ತೇ ರದ್ದಾಯಿತು. ಕಿರಣ್ ಅವನಿಗೆ ಏನು ಹೇಳಿದರೋ ನಾನು ಕೇಳಲಿಲ್ಲ, ಆದರೆ ಮುಂದಿನ ಆಯುಧಪೂಜೆಯಲ್ಲಿ ಒಂದು ರೆಂಚನ್ನು ಪೂಜೆಗಿಡದೆ ಹೊರಗೆ ಇರಿಸಿದ್ದರಂತೆ. ಬೊಟ್ಟಿನ ಬಣ್ಣವೂ ಬದಲಾಗಿದೆ. ಈಗ ನೀಲಿ. ಯಾವ ದೇವರಿಗೂ ನೀಲಿ ಬೊಟ್ಟು ಇಡುವ ಪದ್ಧತಿ ಇಲ್ಲವೆಂದು ಲಲಿತಮ್ಮನನ್ನೇ ಕೇಳಿ ಖಚಿತ ಮಾಡಿಕೊಂಡು ಆರಿಸಿದ್ದು. ಜೊತೆಗೆ, ತಪಾಸಣೆ ಮಾಡುವವರು ಪ್ರತಿ ಚಕ್ರಕ್ಕೂ ತಾವೇ ಒಮ್ಮೆ ರೆಂಚ್ ಹಾಕಬೇಕೆಂದು ನಿಯಮವಾಗಿದೆ. ನನ್ನ ಗಾಜಿನ ಫಲಕ ಎಲ್ಲಿದೆಯೋ ಗೊತ್ತಿಲ್ಲ.

ನನಗೆ ಮೆಮೊ ಕೊಟ್ಟು, ತಪಾಸಣೆಯಿಂದ ತೆಗೆದು, ಉಳಿದ ಎಂಟು ತಿಂಗಳು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಫೆಂಡರಿನ ಒಳಹೊದಿಕೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಪೊಟ್ಟಣ ಕಟ್ಟುವ ಕೆಲಸ. ಹೊಸಬರಿಗೆ ಒಂದು ಮಾತು: ಅವುಗಳಲ್ಲಿ ಎರಡು ಗಾತ್ರ ಇವೆ, ನೋಡಲು ಒಂದೇ ಥರ. ಬೆರಳಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಮೆಮೊ ಕೈಗೆ ಬಂದ ಸಂಜೆ ಮನೆಗೆ ಹೋಗಿ ಸುಧಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, "ಆ ಅಜ್ಜಿ ನಂಬರ್ ಇದ್ರೆ ಕೊಡಿ" ಎಂದಳಷ್ಟೆ. ಅನ್ನ ಸಾರು ಉಂಡು, ಇನ್ನೂ ಒಂಬತ್ತಾಗುವ ಮೊದಲೇ ಒರಗಿದೆ. ಸುಮ್ಮನೆ ಬೆನ್ನು ಚಾಚೋಣವೆಂದು.

ಕಣ್ಣು ಬಿಟ್ಟಾಗ ಸುಧಾಳ ಬೆರಳು ನನ್ನ ಮೂಗಿನ ಕೆಳಗಿತ್ತು. ಕಿಟಕಿಯಲ್ಲಿ ಬಿಸಿಲು.

"ಏನೇ ಇದು?"

"ಉಸಿರಾಡ್ತಿದೀರಾ ಅಂತ ನೋಡ್ದೆ. ಎರಡು ಸಲ ಕೂಗಿದ್ರೂ ಏಳ್ಲಿಲ್ಲ."

ಏಳೂಕಾಲು. ವರ್ಕ್‌ಶಾಪಿನ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು.